ಗೆರೆ ಮೊದಲು, ಅಕ್ಷರ ಆಮೇಲೆ

ಅಕ್ಷರ ವಿನ್ಯಾಸದ ಕಮ್ಮಟಕ್ಕೆ ಬರುವವರಿಗೆ ಮೊದಲ ದಿನ ನಾನು ಲ್ಯಾಪ್‌ಟಾಪ್ ತೆಗೆಯಲು ಬಿಡುವುದಿಲ್ಲ. ಎ3 ಹಾಳೆ, ಎಚ್‌ಬಿ ಪೆನ್ಸಿಲು, ಸ್ಕೇಲು, ನಾಲ್ಕಾರು ಬಟರ್ ಪೇಪರ್. ಇಷ್ಟಿದ್ದರೆ ಸಾಕು. ಮೊದಲ ಎರಡು ಗಂಟೆ ಅಕ್ಷರವನ್ನೂ ಬರೆಸುವುದಿಲ್ಲ, ಬರೀ ಗೆರೆ ಎಳೆಸುತ್ತೇನೆ. "ಸರ್, ಕಂಪ್ಯೂಟರಲ್ಲಿ ಗ್ರಿಡ್ ಆನ್ ಮಾಡಿದರೆ ಒಂದು ಸೆಕೆಂಡಿಗೆ ಬರುತ್ತಲ್ವಾ?" ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬರುತ್ತದೆ. ಆದರೆ ಅದು ಬೇರೆ ಯಾರೋ ಹಾಕಿಟ್ಟ ಗ್ರಿಡ್, ಬೇರೆಯವರ ಗೆರೆ-ಮನೆಗಳ ಜಾಲ. ಅದರಲ್ಲಿ ಎಷ್ಟು ಮನೆ ಇವೆ, ಅಷ್ಟೇ ಯಾಕಿವೆ ಅಂತ ನೀವು ಯೋಚಿಸಿಯೇ ಇರುವುದಿಲ್ಲ. ಕೈಯಲ್ಲಿ ಹನ್ನೆರಡು ಅಡ್ಡಗೆರೆ ಎಳೆಯಬೇಕಾದವರು ಮಾತ್ರ ಐದನೇ ಗೆರೆಯ ಹೊತ್ತಿಗೆ ತಲೆಯೆತ್ತಿ "ಹನ್ನೆರಡೇ ಯಾಕೆ?" ಅಂತ ಕೇಳುತ್ತಾರೆ. ನನಗೆ ಬೇಕಾಗಿರುವುದು ಆ ಪ್ರಶ್ನೆ.

ನಾವೆಲ್ಲ ಗೆರೆಯ ಮೇಲೆಯೇ ಬರೆಯಲು ಕಲಿತವರು. ಕನ್ನಡ ಕಾಪಿಗೆ ಎರಡು ಗೆರೆ, ಇಂಗ್ಲಿಷ್ ಕಾಪಿಗೆ ನಾಲ್ಕು ಗೆರೆ. ಇಂಗ್ಲಿಷಿನ ನಾಲ್ಕು ಗೆರೆ ಎಲ್ಲವನ್ನೂ ಹೇಳಿಕೊಡುತ್ತದೆ. ಬಿ, ಡಿ ಎಷ್ಟು ಮೇಲೆ ಹೋಗಬೇಕು, ಜಿ, ವೈ ಬಾಲ ಎಷ್ಟು ಇಳಿಯಬೇಕು, ಎಲ್ಲಕ್ಕೂ ಒಂದು ಗೆರೆ ಇದೆ. ಕನ್ನಡದ ಎರಡು ಗೆರೆ ಅಕ್ಷರದ ಮೈಗೆ ಮಾತ್ರ ಜಾಗ ಕೊಡುತ್ತದೆ. ಒತ್ತು ಎಲ್ಲಿ ಕೂರಬೇಕು? ಕೆಳಗಿನ ಖಾಲಿ ಜಾಗದಲ್ಲಿ, ಬರೆಯುವವರ ಕಣ್ಣಳತೆಗೆ ಬಿಟ್ಟಿದ್ದು. ಗೋಡೆ ಮೇಲೆ ಬೋರ್ಡು ಬರೆಯುವವರನ್ನು ನಾನು ಬಹಳ ಸಲ ನಿಂತು ನೋಡಿದ್ದೇನೆ. ದಾರಕ್ಕೆ ಬಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಯಾಗಿ ಹಿಡಿದು, ನಡುವೆ ಎಳೆದು ಟಪ್ ಅಂತ ಬಿಡುತ್ತಾರೆ. ಮೇಲೊಂದು ಗೆರೆ, ಕೆಳಗೊಂದು ಗೆರೆ, ಮುಗಿಯಿತು. ಒತ್ತಿಗೆ ದಾರ ಹೊಡೆಯುವುದಿಲ್ಲ. ಅವರ ಕೈಗೆ ಅದು ಗೊತ್ತು. ಇಪ್ಪತ್ತು ವರ್ಷ ಬರೆದ ಕೈ ಅದು. ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ, ಅವನು ಅದನ್ನು ಎಳೆದೇ ಕಂಡುಕೊಳ್ಳಬೇಕು.

ಪುಟ ಜೋಡಿಸುವ ಸಾಫ್ಟ್‌ವೇರುಗಳು ಇಂಗ್ಲಿಷ್ ಅಕ್ಷರದ ಅಳತೆಯಲ್ಲಿ ಹುಟ್ಟಿದವು. 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು ಅಂತ ಅವು ತಾವೇ ಇಟ್ಟುಕೊಳ್ಳುತ್ತವೆ. ಅದೇ ಅಳತೆಗೆ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಬಹಳಷ್ಟು ಜನ ಒತ್ತನ್ನು ಚಿಕ್ಕದು ಮಾಡಿಬಿಡುತ್ತಾರೆ. ನನಗೆ ಇದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಗ್ರಿಡ್ಡಿಗೆ ತಕ್ಕಂತೆ ಅಕ್ಷರವನ್ನು ಕತ್ತರಿಸಬಾರದು. ಗ್ರಿಡ್ಡನ್ನೇ ಬೇರೆ ಎಳೆದುಕೊಳ್ಳಬೇಕು.

ಹಾಗಾದರೆ ಎಷ್ಟು ಮನೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಠ ಬರೆಯಿರಿ. ದುಂಡನೆಯ ಒಂದು ಮೈ, ನಡುವೆ ಒಂದು ಚುಕ್ಕಿ. ಚುಕ್ಕಿ ಬಿಟ್ಟರೆ ಅದು ರ. ಈ ಚುಕ್ಕಿ ಕಾಣಬೇಕಾದರೆ ಅದರ ಎರಡೂ ಪಕ್ಕ ಖಾಲಿ ಬೇಕು. ಎಡಗೆರೆಗೆ ಒಂದು ಮನೆ, ಖಾಲಿ ಒಂದು, ಚುಕ್ಕಿಗೆ ಒಂದು, ಮತ್ತೆ ಖಾಲಿ ಒಂದು, ಬಲಗೆರೆಗೆ ಒಂದು. ಅಲ್ಲಿಗೆ ಐದು. ಮೇಲಿಂದ ಕೆಳಗೆ ಎಣಿಸಿದರೂ ಅಷ್ಟೇ. ಅಂದರೆ ಕನ್ನಡ ಅಕ್ಷರದ ಮೈ ಐದು ಮನೆಗಿಂತ ಚಿಕ್ಕದಾದರೆ ಠ ಮತ್ತು ಥ ಸತ್ತುಹೋಗುತ್ತವೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳುವುದಿಲ್ಲ. ನಾಲ್ಕು ಮನೆಯಲ್ಲಿ ಥ ಬರೆಯಲು ಕೊಟ್ಟು ಸುಮ್ನೆ ಕೂರುತ್ತೇನೆ. ಹತ್ತು ನಿಮಿಷದಲ್ಲಿ ಅವರೇ ಬಂದು ಐದು ಬೇಕು ಅನ್ನುತ್ತಾರೆ.

ಇನ್ನು ಮೇಲೆ ತಲೆಕಟ್ಟು. ಬ, ಲ, ಜ, ಣ ಅಕ್ಷರಗಳಿಗೆ ಅದು ಇಲ್ಲ. ಆದರೆ ಕ, ತ, ದ, ಪ ಎಲ್ಲಕ್ಕೂ ಇದೆ. ಗುಡಿಸು, ಏತ್ವ ಬಂದರೆ ತಲೆಕಟ್ಟಿನ ಜಾಗದಲ್ಲೇ ಅವೂ ಕೂರಬೇಕು. ಅದಕ್ಕೆ ಎರಡು ಸಾಲು. ಮೈ ಕೆಳಗೆ ಒಂದು ಸಾಲು ಖಾಲಿ. ಅದರ ಕೆಳಗೆ ಒತ್ತಿಗೆ ಮೂರು ಸಾಲು. ಎರಡು, ಐದು, ಒಂದು, ಮೂರು: ಒಟ್ಟು 11 ಸಾಲು, ಅದಕ್ಕೆ ಹನ್ನೆರಡು ಗೆರೆ. ಆ ಖಾಲಿ ಸಾಲು ಸುಮ್ನೆ ಬಿಟ್ಟ ಅಂತರ ಅಂತ ನಾನೇ ಎಷ್ಟೋ ದಿನ ಅಂದುಕೊಂಡಿದ್ದೆ. ಆಮೇಲೆ ಒಬ್ಬ ವಿದ್ಯಾರ್ಥಿ ಧ, ಭ, ಫ, ಢ ಬರೆಯುವಾಗ ಅವುಗಳ ಅಡಿಯ ಸೀಳನ್ನು ಅದೇ ಸಾಲಿಗೆ ಇಳಿಸಿ ತೋರಿಸಿದ. ಎಷ್ಟು ಸರಿಯಾಗಿ ಕೂತಿತ್ತು ಅಂದರೆ, ಅವತ್ತಿನಿಂದ ನನ್ನ ಹಾಳೆಯಲ್ಲಿ ಅದರ ಹೆಸರು ಮಹಾಪ್ರಾಣದ ಸಾಲು.

ಅಗಲದ ವಿಷಯದಲ್ಲಿ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಣ, ಝ ಐದು ಮನೆಯಲ್ಲಿ ಕೂರುವುದಿಲ್ಲ, ಏಳಾದರೂ ಬೇಕು. ಕನ್ನಡಕ್ಕೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ ಅಂತ ಹಟ ಹಿಡಿಯಬಾರದು.

ಗೆರೆ ಎಳೆದು ಅಕ್ಷರ ಕಟ್ಟುವುದು ಹೊಸದೇನಲ್ಲ. 1690ರ ದಶಕದಲ್ಲಿ ಫ್ರಾನ್ಸಿನ 14ನೇ ಲೂಯಿ ತನ್ನ ಮುದ್ರಣಾಲಯಕ್ಕೆಂದು ಹೊಸ ಅಕ್ಷರ ಮಾಡಿಸಿದ. ವಿದ್ವಾಂಸರ ಸಮಿತಿ ಒಂದು ಚೌಕವನ್ನು 2304 ಸಣ್ಣ ಮನೆಗಳಾಗಿ ಭಾಗ ಮಾಡಿ ಅದರ ಮೇಲೆ ಅಕ್ಷರ ಬರೆಯಿತು. ಓರೆ ಅಕ್ಷರ ಬೇಕಾದಾಗ ಗ್ರಿಡ್ಡನ್ನೇ ಓರೆ ಮಾಡಿದರು. ಅಚ್ಚುಮೊಳೆ ಕೊರೆದ ಫಿಲಿಪ್ ಗ್ರಾಂಜಾನ್ ಮಾತ್ರ ಆ ಮನೆಗಳನ್ನು ಕಣ್ಣುಮುಚ್ಚಿ ನಂಬಲಿಲ್ಲ. ತನ್ನ ಕಣ್ಣಿಗೆ ಬೇಕಾದ ಕಡೆ ತಿದ್ದಿದ. 1702ರಲ್ಲಿ ಆ ಮೊಳೆಗಳಲ್ಲಿ ಮೊದಲ ಪುಸ್ತಕ ಅಚ್ಚಾಯಿತು. ಈ ಕತೆಯನ್ನು ನಾನು ಹೇಳುವುದು ಗ್ರಾಂಜಾನ್‌ಗಾಗಿ. ಗೆರೆ ಇಟ್ಟುಕೊಂಡೂ ಅದನ್ನು ಮೀರುವ ಧೈರ್ಯ ಅವನಿಗಿತ್ತು.

1919ರಲ್ಲಿ ನೆದರ್ಲೆಂಡ್ಸಿನ ಕಲಾವಿದ ಥಿಯೋ ವಾನ್ ಡೂಸ್‌ಬರ್ಗ್ ಚೌಕವನ್ನು ಐದು ಅಡ್ಡ, ಐದು ಉದ್ದ ಮನೆಗಳಾಗಿ ಮಾಡಿ, ಒಂದು ತಿರುವೂ ಇಲ್ಲದ ಅಕ್ಷರಮಾಲೆ ಬರೆದ. ಐದು ಐದಲ ಇಪ್ಪತ್ತೈದು ಮನೆ. ನಮ್ಮ ಕಡೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ಕವಡೆ ಹಾಕಿ ಆಡುವ ಚೌಕಾಬಾರದ ಮನೆ ಕೂಡ ಅಷ್ಟೇ. ಆ ಮನೆ ಬರೆದು ಆಡಿದವರಿಗೆ ಗ್ರಿಡ್ ಅಂದರೆ ಏನು ಅಂತ ನಾನು ಬೇರೆ ಹೇಳಿಕೊಡಬೇಕಿಲ್ಲ.

ನೆದರ್ಲೆಂಡ್ಸಿನವರೇ ಆದ ವಿನ್ಯಾಸಕಾರ ವಿಮ್ ಕ್ರೌವೆಲ್ ನನಗೆ ಇನ್ನೂ ಹತ್ತಿರ. ಮೊದಮೊದಲ ಕಂಪ್ಯೂಟರ್ ಪರದೆಗಳು ತಿರುವುಗಳನ್ನು ಒಡೆದು ತೋರಿಸುತ್ತಿದ್ದವು. ಯಂತ್ರವನ್ನು ಅಕ್ಷರಕ್ಕೆ ಬಗ್ಗಿಸುವ ಬದಲು, ಯಂತ್ರಕ್ಕೆ ಆಗುವಂಥ ಅಕ್ಷರ ಹೇಗಿರಬಹುದು ಅಂತ ಅವರು 1967ರಲ್ಲಿ ಬರೆದು ನೋಡಿದರು. ಬರೀ ನೆಟ್ಟಗೆರೆ, ಅಡ್ಡಗೆರೆ, ಮೂಲೆಯಲ್ಲಿ ಸಣ್ಣ ಓರೆ. ಎಂ ಅಕ್ಷರಕ್ಕೆ ಜಾಗ ಸಾಲಲಿಲ್ಲ. ಹಾಗಾಗಿ ಎನ್ ಬರೆದು ಅದರ ಕೆಳಗೊಂದು ಗೆರೆ ಎಳೆದರು. ಕ್ಲಾಸಿನಲ್ಲಿ ಇದನ್ನು ತೋರಿಸಿದಾಗ ಒಬ್ಬಳು "ಅದು ಒತ್ತು ಕೊಟ್ಟ ಹಾಗಾಯ್ತಲ್ಲ ಸರ್" ಅಂದಳು. ನಿಜ. ಅಕ್ಷರದ ಕೆಳಗೆ ಗುರುತು ಇಟ್ಟು ಅಕ್ಷರವನ್ನೇ ಬೇರೆ ಮಾಡುವುದು ಇಂಗ್ಲಿಷ್ ಓದುವವರಿಗೆ ವಿಚಿತ್ರ. ನಮಗೆ ದಿನದ ಅನ್ನ. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಸ್ಟೆಡಲಿಕ್ ಮ್ಯೂಸಿಯಮ್ಮಿಗೆ ಮಾಡಿದ ಪೋಸ್ಟರಿನಲ್ಲಿ ಅವರು ಗ್ರಿಡ್ಡಿನ ಗೆರೆಗಳನ್ನು ಅಳಿಸದೆ ಹಾಗೇ ಬಿಟ್ಟರು. ಅಕ್ಷರ ಯಾವ ಮನೆಯಲ್ಲಿ ಹುಟ್ಟಿತು ಅಂತ ನೋಡಿದವರಿಗೆಲ್ಲ ಕಾಣುತ್ತಿತ್ತು.

ಚೌಕ ಬಿಟ್ಟು ಬೇರೆ ಗ್ರಿಡ್ಡಿಗೆ ಬಂದರೆ ನಮ್ಮ ಬಾಗಿಲ ಮುಂದೇ ಇದೆಯಲ್ಲ, ಚುಕ್ಕಿ ರಂಗೋಲಿ. ಏಳು ಚುಕ್ಕಿ, ನಾಲ್ಕರ ತನಕ, ಸಂದು ಚುಕ್ಕಿ. ಇಷ್ಟು ಹೇಳಿದರೆ ಇಡೀ ಗ್ರಿಡ್ ಹೇಳಿದಂತೆ. ನಡುವೆ ಏಳು, ಮೇಲಕ್ಕೂ ಕೆಳಕ್ಕೂ ಆರು, ಐದು, ನಾಲ್ಕು, ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಸಂದಿಗೆ. ಒಟ್ಟು 37 ಚುಕ್ಕಿ, ಆರು ಮೂಲೆಯ ಆಕಾರ. ನೇರ ಚುಕ್ಕಿಗಿಂತ ಸಂದು ಚುಕ್ಕಿ ಕನ್ನಡಕ್ಕೆ ಜಾಸ್ತಿ ಒಗ್ಗುತ್ತದೆ ಅನ್ನುವುದು ನನ್ನ ಅನುಭವ, ಯಾಕೆಂದರೆ ಅಲ್ಲಿ ಗೆರೆ ತಿರುಗಲು ಆರು ದಿಕ್ಕು ಸಿಗುತ್ತದೆ, ದುಂಡಗಿನ ಅಕ್ಷರ ಒದ್ದಾಡುವುದಿಲ್ಲ. ಅದರಲ್ಲೂ ಎರಡು ದಾರಿ ಇದೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಸೇರಿಸುವುದು ಒಂದು. ಚುಕ್ಕಿಯನ್ನು ಮುಟ್ಟದೆ ಅದರ ಸುತ್ತ ಎಳೆ ಸುತ್ತುವುದು ಇನ್ನೊಂದು. ಅದೇ 37 ಚುಕ್ಕಿ, ಆದರೆ ಎರಡೂ ದಾರಿಯಲ್ಲಿ ಹುಟ್ಟುವ ಕ ಒಂದಕ್ಕೊಂದು ನೆಂಟರೇ ಅಲ್ಲ ಅನ್ನುವಷ್ಟು ಬೇರೆ.

ಸುತ್ತುವ ದಾರಿ ಹಿಡಿದ ಒಂದು ಗುಂಪು ಪರಿಸರದ ಪೋಸ್ಟರಿಗೆ ಅಂತ 'ಮರ' ಬರೆಯಿತು. ಬಳ್ಳಿಯ ಹಾಗೆ ಚೆಂದ ಬಂದಿತ್ತು. ಗೋಡೆಗೆ ಅಂಟಿಸಿ ದೂರ ನಿಂತು ನೋಡಿದರೆ ಎಲ್ಲರೂ 'ಮಠ' ಅಂತ ಓದಿದರು! ರ ಸುತ್ತಿದ ಚುಕ್ಕಿ ಒಳಗೇ ಉಳಿದಿತ್ತಲ್ಲ, ಅದು ಠ ಆಗಿಬಿಟ್ಟಿತ್ತು. ಸುಲಭದ ಪರಿಹಾರ, ಚುಕ್ಕಿ ಅಳಿಸುವುದು. ಅವರು ಅಳಿಸಲಿಲ್ಲ. ಉಳಿದೆಲ್ಲ ಅಕ್ಷರದ ಚುಕ್ಕಿಯನ್ನು ತೆಳುವಾಗಿ ಬಿಟ್ಟು, ಠ, ಥ ಬಂದಾಗ ಮಾತ್ರ ಅದನ್ನು ದಪ್ಪ ಮಾಡಿ ತುಂಬುವುದು ಅಂತ ನಿಯಮ ಮಾಡಿಕೊಂಡರು. ಗ್ರಿಡ್ಡಿನ ಚುಕ್ಕಿಯೇ ಅಕ್ಷರದ ಭಾಗವಾಯಿತು. ಇಂಥದ್ದು ಕಂಪ್ಯೂಟರಿನಲ್ಲಿ ಹೊಳೆಯುವುದು ಕಷ್ಟ, ಅಲ್ಲಿ ಗ್ರಿಡ್ ಮೊದಲಿನಿಂದ ಕೊನೆಯವರೆಗೆ ಹಿನ್ನೆಲೆಯಲ್ಲೇ ಉಳಿಯುತ್ತದೆ, ಪ್ರಿಂಟಿನಲ್ಲಿ ಬರುವುದೇ ಇಲ್ಲ.

ಇನ್ನು ಕೆಲವು ಗ್ರಿಡ್‌ಗಳನ್ನು ಬೇಗ ಹೇಳಿಬಿಡುತ್ತೇನೆ. ಒಂದೇ ಅಳತೆಯ ಬಳೆ ಇಟ್ಟು ಸುತ್ತಲೂ ಗೀಚಿ, ಅರ್ಧ ಬಳೆಯಷ್ಟು ಸರಿಸಿ ಮತ್ತೆ ಗೀಚುತ್ತಾ ಹೋಗಿ, ಹಾಳೆ ತುಂಬ ಒಂದರೊಳಗೊಂದು ಹೊಕ್ಕ ವೃತ್ತಗಳು ಸಿಗುತ್ತವೆ, ಅಲ್ಲಿ ಮ, ವ, ಯ ತಾವೇ ಎದ್ದು ಬರುತ್ತವೆ. ಸ್ಕೇಲು ಇಲ್ಲದಿದ್ದರೆ ಶಾಲೆಯಲ್ಲಿ ಮಾರ್ಜಿನ್ ಮಡಚುತ್ತಿದ್ದೆವಲ್ಲ, ಹಾಗೆ ಹಾಳೆಯನ್ನು ಅಡ್ಡಕ್ಕೆ ಮೂರು ಸಲ, ಉದ್ದಕ್ಕೆ ಮೂರು ಸಲ ಅರ್ಧರ್ಧ ಮಡಚಿದರೆ 64 ಮನೆ. ಬರಿಗೈಯಲ್ಲಿ ಎಳೆದ, ಸ್ವಲ್ಪ ಡೊಂಕಾದ ಗೆರೆಯೂ ಆಗುತ್ತದೆ. ಗೆರೆಯ ಡೊಂಕು ಅಕ್ಷರಕ್ಕೆ ಬರಲಿ, ತಿದ್ದಬೇಡಿ.

ಗ್ರಿಡ್ ಯಾವುದೇ ಇರಲಿ, ಅಕ್ಷರವನ್ನು ಅದರ ಮೇಲೆಯೇ ಬರೆಯಬೇಡಿ. ಮೇಲೆ ಬಟರ್ ಪೇಪರ್ ಇಟ್ಟು ಬರೆಯಿರಿ. ಒಂದೇ ಗ್ರಿಡ್ ಮೇಲೆ ಇಪ್ಪತ್ತು ಹಾಳೆ ಬದಲಾಯಿಸಬಹುದು. ಒಂದು ಪದದಲ್ಲಿ ಒಂದು ಸಲ ಮಾತ್ರ ಗೆರೆ ಮುರಿಯಲು ಬಿಡುತ್ತೇನೆ, ಯಾಕೆ ಮುರಿದಿರಿ ಅಂತ ಹಾಳೆಯ ಅಂಚಿನಲ್ಲಿ ಬರೆಯಬೇಕು. "ಚೆಂದ ಕಾಣುತ್ತೆ" ಅಂತ ಬರೆದರೆ ವಾಪಸ್ ಕೊಡುತ್ತೇನೆ. "ಹೊಟ್ಟೆ ಸೀಳಿದ ಷ-ದ ಸೀಳಿಗೆ ಜಾಗ ಸಾಲಲಿಲ್ಲ" ಅಂದರೆ ಒಪ್ಪುತ್ತೇನೆ. ಕೊನೆಗೆ ಓದಿಸುವುದು. ವಿನ್ಯಾಸ ಕಲಿಯದ ಯಾರಿಗಾದರೂ, ಮನೆಯಲ್ಲಿ ಅಜ್ಜಿಗೆ, ಕ್ಯಾಂಟೀನಿನವರಿಗೆ ತೋರಿಸಿ. ಪ್ರಯೋಗ ಅಂದಮೇಲೆ ತಟ್ಟನೆ ಓದಲೇಬೇಕು ಅಂತಿಲ್ಲ. ಸ್ವಲ್ಪ ತಡವರಿಸಿದರೂ ಪರವಾಗಿಲ್ಲ. ಆದರೆ ದ ಅನ್ನು ಧ ಅಂತ ಓದಿದರೆ ಅದು ಪ್ರಯೋಗ ಅಲ್ಲ, ತಪ್ಪು.

ಕಳೆದ ಸಲ ಬಂದಿದ್ದ ಒಬ್ಬ ಹುಡುಗಿ, ಅವರಪ್ಪನ ಬಟ್ಟೆ ಅಂಗಡಿಗೆ ಅಂತ 'ವಸ್ತ್ರ' ಬರೆಯಲು ಕೂತಳು. ಸ ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು. ಅವಳು ಸ್ಕೇಲು ಮುಟ್ಟದೆ ಗೆರೆ ಎಳೆದಿದ್ದಳು. ಕೆಳಗೆ ಹೋದ ಹಾಗೆ ಸಾಲು ಅಗಲವಾಗುತ್ತಾ ಹೋಗಿ, ಒತ್ತಿನ ಸಾಲುಗಳು ಮೈಯ ಸಾಲುಗಳಿಗಿಂತ ದೊಡ್ಡದಾಗಿದ್ದವು. ಬೇರೆ ಹಾಳೆ ತಗೋ ಅನ್ನಲು ಹೊರಟವನು ಸುಮ್ಮನಾದೆ. ಅವಳು ಗೆರೆ ಹೇಳಿದಂತೆಯೇ ಬರೆದಳು. ಒತ್ತುಗಳು ಅಕ್ಷರದ ಎರಡರಷ್ಟಾಗಿ, ಸೀರೆಯ ಸೆರಗು ಇಳಿಬಿಟ್ಟ ಹಾಗೆ ಹಾಳೆಯ ಅಡಿಯವರೆಗೆ ಬಂದವು. ಟೀ ತಂದವರು ಲೋಟ ಇಡುತ್ತಲೇ 'ವಸ್ತ್ರ' ಅಂತ ಓದಿದರು.

ಆ ಬಟರ್ ಪೇಪರಿನ ಒಂದು ಪ್ರತಿಯನ್ನು ಕೇಳಿ ಇಟ್ಟುಕೊಂಡಿದ್ದೇನೆ. ಒತ್ತಿಗೆ ಮೂರರ ಬದಲು ಆರು ಸಾಲು ಇಟ್ಟು ನಾನೂ ಒಂದು ಹೊಸ ಗ್ರಿಡ್ ಎಳೆದಿದ್ದೇನೆ. 'ರಾಷ್ಟ್ರ' ಚೆನ್ನಾಗಿ ಕೂತಿದೆ. 'ಲಕ್ಷ್ಮಿ' ಇನ್ನೂ ಕೂತಿಲ್ಲ.