ರಿಬ್ಬನ್ ಕಟ್ಟಿದರೂ ಜೋಳಕ್ಕೆ ಹಕ್ಕಿ ಬೀಳುವುದು ನಿಲ್ಲುತ್ತಿಲ್ಲ, ಬಲೆ ಹಾಕಿಸಬೇಕೇ?

ಓದುಗರ ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಈಗ ಇರುವುದು ಪಿಂಪ್ರಿ-ಚಿಂಚವಾಡದಲ್ಲಿ. ಪುಣೆ ಜಿಲ್ಲೆಯ ಶಿರೂರು ತಾಲ್ಲೂಕಿನಲ್ಲಿ ಒಂದು ಎಕರೆ ಹೊಲ ಮಾಡಿ ಹಿಂಗಾರಿಗೆ ಮಾಲದಂಡಿ ಜೋಳ ಹಾಕುತ್ತಿದ್ದೇವೆ. ಹಕ್ಕಿ ಕಾಟ ವಿಪರೀತ. ತೆನೆ ಹೊರಬೀಳುವ ಮೊದಲೇ ಹೊಳೆಯುವ ರಿಬ್ಬನ್ ಕಟ್ಟಿಸಿದ್ದೆವು. ಆಮೇಲೆ ನೋಡಿದರೆ ಅದರ ಪಕ್ಕದಲ್ಲೇ ಕೂತು ತಿನ್ನುತ್ತಿದ್ದವು. ಊರಲ್ಲಿ ಇಷ್ಟು ಹಾನಿ ನೋಡಿಯೇ ಇರಲಿಲ್ಲ. ಬಲೆ ಹಾಕಿಸುವುದೇ ದಾರಿಯೇ?

ಉತ್ತರ: ಇಡೀ ಎಕರೆಗೆ ಬಲೆ ಬೇಡ. ರಿಬ್ಬನ್ನೂ ಕೆಟ್ಟ ಸಾಧನವಲ್ಲ. ಅದನ್ನು ಕಟ್ಟಿದ ದಿನ ತಪ್ಪಿದೆ. ಕಾಳೇ ಇಲ್ಲದ ಹೊಲದಲ್ಲಿ ರಿಬ್ಬನ್ ಎರಡು-ಮೂರು ವಾರ ಮಿಂಚುತ್ತಿದ್ದರೆ ಅದರಿಂದ ಏನೂ ಆಗುವುದಿಲ್ಲ ಎಂದು ಹಕ್ಕಿಗೆ ಖಾತ್ರಿಯಾಗಿಬಿಡುತ್ತದೆ. ಕಾಳು ತುಂಬುವ ಹೊತ್ತಿಗೆ ಅಂಜಿಕೆ ಉಳಿದಿರುವುದಿಲ್ಲ. ಹೊಸ ರಿಬ್ಬನ್ ಕೂಡ ಚೆನ್ನಾಗಿ ಕೆಲಸ ಮಾಡುವುದು ಹೆಚ್ಚೆಂದರೆ ಹತ್ತು-ಹದಿನೈದು ದಿನ. ಆ ದಿನಗಳನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದೇ ಲೆಕ್ಕ.

ಮೊದಲು ಊರಿಗೂ ಇಲ್ಲಿಗೂ ಏಕೆ ಇಷ್ಟು ವ್ಯತ್ಯಾಸ ಎಂಬುದನ್ನು ನೋಡಿ. ವಿಜಯಪುರದ ಎರೆ ಹೊಲಗಳಲ್ಲಿ ಸುತ್ತ ಕಣ್ಣು ಹಾಯುವಷ್ಟು ದೂರ ಜೋಳ, ಎಲ್ಲರದೂ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಕಾಳು ಕಟ್ಟುತ್ತದೆ. ಹಿಂಡು ಅಷ್ಟೇ ಇದ್ದರೂ ನಷ್ಟ ನೂರಾರು ಹೊಲಗಳಿಗೆ ಹಂಚಿಹೋಗುತ್ತದೆ. ಶಿರೂರಿನ ಘೋಡ್ ನದಿಯ ಕಡೆ ಕಬ್ಬು, ಈರುಳ್ಳಿ ಹೆಚ್ಚು. ನಡುವೆ ನಿಮ್ಮದೊಂದು ಎಕರೆ ಜೋಳವಿದ್ದರೆ ಸುತ್ತಲಿನ ಹಿಂಡೆಲ್ಲ ಅಲ್ಲಿಗೇ ಬರುತ್ತದೆ. ಸಾಲದ್ದಕ್ಕೆ ಗೀಜಗ, ಮುನಿಯಾದಂಥ ಕಾಳು ತಿನ್ನುವ ಪುಟ್ಟ ಹಕ್ಕಿಗಳಿಗೆ ಪಕ್ಕದ ಕಬ್ಬೇ ರಾತ್ರಿ ತಂಗುವ ಜಾಗ. ಬೆದರಿಸಿದರೆ ಹಾರಿಹೋಗಿ ಕಬ್ಬಿನಲ್ಲಿ ಕೂತು ಐದು ನಿಮಿಷಕ್ಕೆ ವಾಪಸ್. ಬೆದರಿಸುವ ಯಾವ ಉಪಾಯವೂ ಹಕ್ಕಿಗೆ ಬೇರೆಡೆ ತಿನ್ನಲು ಏನಾದರೂ ಇದ್ದಾಗಷ್ಟೇ ಚೆನ್ನಾಗಿ ನಡೆಯುತ್ತದೆ. ಅಕ್ಕಪಕ್ಕದಲ್ಲಿ ಜೋಳ ಹಾಕುವ ಇನ್ನೂ ಇಬ್ಬರಿದ್ದರೆ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿ. ಇದಕ್ಕಿಂತ ಅಗ್ಗದ ಉಪಾಯ ಇನ್ನೊಂದಿಲ್ಲ. ಎಲ್ಲರಿಗಿಂತ ಮೊದಲು ಅಥವಾ ಎಲ್ಲರಿಗಿಂತ ಕೊನೆಗೆ ಬಿತ್ತಿದವನ ಹೊಲಕ್ಕೇ ಹಕ್ಕಿ ಹೆಚ್ಚು ಬೀಳುತ್ತದೆ.

ತಿಂದದ್ದು ಹಕ್ಕಿಯೇ ಎಂದು ಖಚಿತ ಮಾಡಿಕೊಳ್ಳುವುದೂ ಮುಖ್ಯ. ಗುಬ್ಬಿ, ಗೀಜಗ, ಮುನಿಯಾ ತೆನೆಯ ಮೇಲೆ ಕೂತು ಒಂದೊಂದೇ ಕಾಳು ಬಿಡಿಸುತ್ತವೆ. ಹಾಲುಗಾಳಿನ ಹಂತದಲ್ಲಾದರೆ ಹಿಂಡಿದ ಕಾಳಿನ ಬಿಳಿ ಹಾಲು ತೆನೆಯ ಮೇಲೆ ಒಣಗಿ ಕಲೆಯಾಗಿರುತ್ತದೆ. ಗಿಳಿ ತಿನ್ನುವುದಕ್ಕಿಂತ ಹಾಳು ಮಾಡುವುದೇ ಜಾಸ್ತಿ: ತೆನೆಯ ತುಂಡು ಕಡಿದು, ಅರ್ಧ ತಿಂದು ಕೆಳಗೆ ಬೀಳಿಸುತ್ತದೆ. ಮರಾಠಿಯವರು ಭೋರಡ್ಯಾ ಎನ್ನುವ ಗುಲಾಬಿ ಕಬ್ಬಕ್ಕಿ ನೂರಾರು ಸಂಖ್ಯೆಯ ಹಿಂಡಾಗಿ ಇಳಿದು ಹತ್ತು ನಿಮಿಷದಲ್ಲಿ ಒಂದು ಮೂಲೆ ಖಾಲಿ ಮಾಡಬಲ್ಲದು. ಇದು ಮಧ್ಯ ಏಷ್ಯಾ, ಪೂರ್ವ ಯುರೋಪಿನ ಕಡೆಯಿಂದ ಜುಲೈ-ಆಗಸ್ಟಿನಿಂದ ಬರತೊಡಗಿ ಏಪ್ರಿಲ್ ಸುಮಾರಿಗೆ ಹಿಂದಿರುಗುವ ವಲಸೆ ಹಕ್ಕಿ. ಇದೇ ಹಕ್ಕಿ ಮಿಡತೆ, ಹಸಿರು ಹುಳಗಳನ್ನೂ ಸಿಕ್ಕಾಪಟ್ಟೆ ತಿನ್ನುತ್ತದೆ. ಕಾಳು ಕಟ್ಟುವವರೆಗೆ ಹೊಲಕ್ಕೆ ಬಂದರೆ ಬರಲಿ ಬಿಡಿ. ಇನ್ನು, ಬುಡದಲ್ಲಿ ದಂಟು ಓರೆಯಾಗಿ ಕತ್ತರಿಸಿ ಬಿದ್ದಿದ್ದರೆ ಅದು ಇಲಿ. ತೆನೆ ಜೊಳ್ಳಾಗಿದ್ದು, ಕಾಳಿನ ಸಿಪ್ಪೆಯ ತುದಿಗೆ ಬಿಳಿ ಪೊರೆಯಂಥ ಸಣ್ಣ ಕೋಶ ಅಂಟಿಕೊಂಡಿದ್ದರೆ ಜೋಳದ ಕಾಳು ನೊಣ. ಅದಕ್ಕೆ ರಿಬ್ಬನ್ ಕಟ್ಟಿ ಪ್ರಯೋಜನವಿಲ್ಲ.

ಹಾನಿ ಅಳೆಯುವಾಗ ಬದುವಿನಲ್ಲಿ ನಿಂತು ಅಂದಾಜು ಮಾಡಬೇಡಿ. ಹಕ್ಕಿ ಮೊದಲು ತಿನ್ನುವುದೇ ಬದುವಿನಂಚಿನ ಹತ್ತು-ಹದಿನೈದು ಮೀಟರ್, ಅದರಲ್ಲೂ ಕಬ್ಬು ಅಥವಾ ಜಾಲಿ ಗಿಡ ಇರುವ ಬದಿ. ಅಲ್ಲಿಂದ ನೋಡಿದರೆ ಇಡೀ ಹೊಲವೇ ಹೋಯಿತು ಅನಿಸುತ್ತದೆ. ಅಂಚಿನಲ್ಲಿ ಐದು ಕಡೆ, ನಡುವೆ ಐದು ಕಡೆ ನಿಂತು ಪ್ರತಿ ಕಡೆ ಇಪ್ಪತ್ತು ತೆನೆ ನೋಡಿ, ಪ್ರತಿಯೊಂದರಲ್ಲಿ ಎಷ್ಟು ಭಾಗ ಖಾಲಿ ಎಂದು ಬರೆದುಕೊಳ್ಳಿ. ಅಂಚು, ನಡು ಎರಡಕ್ಕೂ ಬೇರೆ ಬೇರೆ ಸರಾಸರಿ ತೆಗೆಯಿರಿ.

ಈಗ ದುಡ್ಡಿನ ಲೆಕ್ಕ. ಎಕರೆಗೆ ಆರು ಕ್ವಿಂಟಲ್ ಇಳುವರಿ, ಹತ್ತರಲ್ಲಿ ಒಂದು ಪಾಲು ಹಕ್ಕಿಗೆ ಹೋಯಿತು ಎಂದುಕೊಳ್ಳಿ. 60 ಕೆಜಿ ಆಯಿತು. 2025-26ರಲ್ಲಿ ಮಾಲದಂಡಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ, ಆ ದರದಲ್ಲಿ ನಷ್ಟ ಸುಮಾರು 2,250 ರೂಪಾಯಿ. ಕಣಿಕೆಗೆ, ಅಂದರೆ ಮೇವಿನ ದಂಟಿಗೆ, ಹಕ್ಕಿಯಿಂದ ಏನೂ ಆಗುವುದಿಲ್ಲ, ಅದರ ದುಡ್ಡು ಪೂರ್ತಿ ಕೈಗೆ ಬರುತ್ತದೆ. ಬಲೆಗೆ ಚದರ ಮೀಟರಿಗೆ ಹತ್ತೇ ರೂಪಾಯಿ ಹಿಡಿದರೂ, ಒಂದು ಎಕರೆಯ 4,047 ಚದರ ಮೀಟರಿಗೆ ಬದಿಗಳನ್ನು ಸೇರಿಸಿ 46 ಸಾವಿರ ದಾಟುತ್ತದೆ. ಕಂಬ, ತಂತಿ ಬೇರೆ. ಒಣ ಜೋಳಕ್ಕೆ ಇದು ಹೊಂದುವ ಖರ್ಚಲ್ಲ.

ಕಾಯಬೇಕಾದ್ದು ಸುಮಾರು ಇಪ್ಪತ್ತೈದು ದಿನ ಮಾತ್ರ. ಮಾಲದಂಡಿ ಬಿತ್ತಿದ 70-75 ದಿನಕ್ಕೆ ಹೂ ಬಿಡುತ್ತದೆ, ಅಲ್ಲಿಂದ ಎಂಟು-ಹತ್ತು ದಿನಕ್ಕೆ ಕಾಳಿನಲ್ಲಿ ಹಾಲು ತುಂಬುತ್ತದೆ. ಅಕ್ಟೋಬರ್ ಒಂದಕ್ಕೆ ಬಿತ್ತಿದ್ದರೆ ಡಿಸೆಂಬರ್ 20ರ ಆಸುಪಾಸು. ಜೋಳದ ತೆನೆ ತುದಿಯಿಂದ ಕೆಳಕ್ಕೆ ಹೂ ಬಿಡುವುದರಿಂದ ಹಾಲೂ ತುದಿಯ ಕಾಳಿಗೇ ಮೊದಲು. ತೆನೆಯ ಮೇಲಿನ ಮೂರನೇ ಒಂದು ಭಾಗದಿಂದ ಕಾಳು ಕಿತ್ತು ಉಗುರಿನಿಂದ ಒತ್ತಿ ನೋಡಿ. ನೀರು ಬಂದರೆ ಇನ್ನೂ ಸಮಯವಿದೆ, ಬಿಳಿ ಹಾಲು ಚಿಮ್ಮಿದರೆ ಅದೇ ದಿನ ರಿಬ್ಬನ್ ಕಟ್ಟಬೇಕು. ಶನಿವಾರ ಬಿಡುವಿದೆ ಎಂದು ಎರಡು ವಾರ ಮುಂಚೆ ಕಟ್ಟುವಂತಿಲ್ಲ. ಗೂಟ ಬೇಕಾದರೆ ಮೊದಲೇ ಹುಗಿದಿಡಿ, ಪಟ್ಟಿ ಮಾತ್ರ ಆವತ್ತೇ.

ರಿಬ್ಬನ್ ವಿಫಲವಾಗಲು ಇನ್ನೊಂದು ದೊಡ್ಡ ಕಾರಣ ಗಿಡ್ಡ ಗೂಟ. ಮಾಲದಂಡಿ ಎರಡೂವರೆ ಮೀಟರ್‌ವರೆಗೂ ಬೆಳೆಯುತ್ತದೆ. ಪಟ್ಟಿ ತೆನೆಗಿಂತ ಅರ್ಧ ಮೀಟರ್ ಮೇಲಿರಬೇಕು, ಅರ್ಧ ಮೀಟರ್ ಮಣ್ಣಿನೊಳಗೆ ಹೋಗಬೇಕು, ಅಂದರೆ ಮೂರೂವರೆ ಮೀಟರಿನ ಬಿದಿರು. ಎರಡು ಮೀಟರಿನ ಕೋಲಿಗೆ ಕಟ್ಟಿದರೆ ಪಟ್ಟಿ ಗರಿಗಳಿಗೆ ಉಜ್ಜಿ ಎರಡೇ ದಿನದಲ್ಲಿ ಹರಿಯುತ್ತದೆ, ಮೇಲಿಂದ ಇಳಿಯುವ ಹಕ್ಕಿಗೆ ಕಾಣಿಸುವುದೂ ಇಲ್ಲ. ಒಂದು ಬದಿ ಕೆಂಪು, ಇನ್ನೊಂದು ಬದಿ ಬೆಳ್ಳಿ ಬಣ್ಣದ ಪಟ್ಟಿ ತನ್ನಿ. ಗೂಟದಿಂದ ಗೂಟಕ್ಕೆ ಹತ್ತು ಮೀಟರ್, ಸಾಲಿನಿಂದ ಸಾಲಿಗೆ ಐದು ಮೀಟರ್. ಕಟ್ಟುವಾಗ ಪ್ರತಿ ಹತ್ತು ಮೀಟರಿಗೆ ಎರಡು-ಮೂರು ಸುತ್ತು ತಿರುಚಬೇಕು. ತಿರುಚಿದ ಪಟ್ಟಿಯೇ ಗಾಳಿಗೆ ಗುಂಯ್ ಎನ್ನುವುದು, ಎರಡೂ ಬಣ್ಣ ಸರದಿಯಲ್ಲಿ ಮಿಂಚುವುದು. ಸಪಾಟಾಗಿ ಬಿಗಿದದ್ದು ಸುಮ್ಮನೆ ನೇತಾಡುತ್ತದೆ. ಸಾಲು ಉತ್ತರ-ದಕ್ಷಿಣ ಇದ್ದರೆ ಬೆಳಗಿನ, ಸಂಜೆಯ ಬಿಸಿಲು ಚೆನ್ನಾಗಿ ಬೀಳುತ್ತದೆ. ಗೂಟಕ್ಕೆ ಕಟ್ಟುವ ಕಡೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಗಂಟು ಹಾಕಿದರೆ ಅಂಚು ಸೀಳುವುದಿಲ್ಲ.

ಇಡೀ ಎಕರೆಗೆ ಕಟ್ಟಿದರೆ ಎಂಟು ನೂರು ಮೀಟರಿಗೂ ಹೆಚ್ಚು ಪಟ್ಟಿ, ತೊಂಬತ್ತರಷ್ಟು ಗೂಟ ಬೇಕು. ಕಬ್ಬಿನ ಕಡೆಯ ಎರಡು ಬದಿಗೆ ಮೂರು-ಮೂರು ಸಾಲು ಹಾಕಿದರೆ ಅದರ ಅರ್ಧ ಸಾಕು. ನಮ್ಮ ಮಟ್ಟಿಗೆ ಅಷ್ಟೇ ಸರಿ.

ಆದರೂ ರಿಬ್ಬನ್ನಿಗೆ ಈ ಭಾಗದಲ್ಲಿ ಒಂದು ದೊಡ್ಡ ಕೊರತೆ ಇದೆ. ಪುಣೆ ಸುತ್ತಿನ ಚಳಿಗಾಲದ ಬೆಳಗಿನಲ್ಲಿ ಗಾಳಿಯೇ ಆಡುವುದಿಲ್ಲ, ಕೆಲವು ದಿನ ಮಂಜು ಬೇರೆ. ಸೂರ್ಯ ಏಳುವುದೇ ಏಳು ಗಂಟೆಗೆ. ಹಕ್ಕಿ ಅತಿ ಹೆಚ್ಚು ತಿನ್ನುವುದು ಏಳರಿಂದ ಒಂಬತ್ತೂವರೆಯ ನಡುವೆ, ಆಮೇಲೆ ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ. ಬೆಳಗ್ಗೆ ಪಟ್ಟಿ ಸತ್ತಂತೆ ನೇತಾಡುವ ಹೊತ್ತಿನಲ್ಲೇ ಹಿಂಡು ಇಳಿಯುತ್ತದೆ. ಹಾಗಾಗಿ ದಿನವಿಡೀ ಕಾಯುವ ಆಳಿನ ಬದಲು ಈ ಎರಡು ಹೊತ್ತಿಗೆ ಒಬ್ಬರನ್ನು ಗೊತ್ತು ಮಾಡಿ. ಹಳೆಯ ಮಂಚಿಕೆ, ಕವಣೆ, ತಗಡಿನ ಡಬ್ಬ ಇವತ್ತಿಗೂ ಇವೆಲ್ಲಕ್ಕಿಂತ ಮೇಲು, ಏಕೆಂದರೆ ಮನುಷ್ಯ ಎರಡು ಸಲ ಒಂದೇ ರೀತಿ ಮಾಡುವುದಿಲ್ಲ. ಕವಣೆಗೆ ಕಲ್ಲಿನ ಬದಲು ಮಣ್ಣಿನ ಉಂಡೆ ಬಳಸಿ. ಮೊದಲ ಹಿಂಡು ಕೂರುವ ಮುಂಚೆಯೇ ಎಬ್ಬಿಸಬೇಕು. ಒಮ್ಮೆ ಹೊಟ್ಟೆಗೆ ಬಿದ್ದ ಹೊಲವನ್ನು ಅವು ಮರೆಯುವುದಿಲ್ಲ.

ಬೆರ್ಚಪ್ಪನನ್ನು ನಿಲ್ಲಿಸುವುದಾದರೆ ಎರಡು-ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ. ಕಾಯುವವರು ಹಾಕುವ ಬಣ್ಣದ ಅಂಗಿಯನ್ನೇ ಅದಕ್ಕೂ ತೊಡಿಸಿ. ಹಾಗೆ ಕಂಡ ಆಕಾರ ಆಗಾಗ ಓಡಿ ಬರುತ್ತದೆ ಎಂದಾದರೆ ಭಯ ಹೆಚ್ಚು ದಿನ ಉಳಿಯುತ್ತದೆ. ರಿಬ್ಬನ್ ಹತ್ತನೇ ದಿನಕ್ಕೆ ಬಿಚ್ಚಿ, ಉಳಿದ ದಿನ ಶಬ್ದಕ್ಕೆ ಬದಲಾಯಿಸಿ. ಹಕ್ಕಿಯ ಚೀರಾಟ ಕೇಳಿಸುವ ಯಂತ್ರಗಳೂ ಒಂದೇ ಧ್ವನಿ ಸುತ್ತುತ್ತಿದ್ದರೆ ವಾರಕ್ಕೆ ಸವೆಯುತ್ತವೆ. ಪೈಪಿನಲ್ಲಿ ಕಾರ್ಬೈಡಿಗೆ ನೀರು ಬೆರೆಸಿ ಸಿಡಿಸುವ ಕಾರ್ಬೈಡ್ ಗನ್ ಮಾತ್ರ ಬೇಡವೇ ಬೇಡ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಎಷ್ಟೋ ಮಕ್ಕಳ ಕಣ್ಣಿಗೆ ಪೆಟ್ಟಾಗಿದೆ. ಪಟಾಕಿಯೂ ಬೇಡ, ಒಣಗಿದ ಕಣಿಕೆಗೆ ಒಂದು ಕಿಡಿ ಸಾಕು. ಕಡಲೆಯಲ್ಲಿ ಹುಳ ತಿನ್ನಲಿ ಎಂದು ಹಕ್ಕಿ ಕೂರಲು ಹುಗಿದ ಅಡ್ಡಗೋಲುಗಳು ಜೋಳದ ಬದಿಯಲ್ಲಿದ್ದರೆ ಹಾಲುಗಾಳಿಗೆ ಮುಂಚೆ ಕಿತ್ತುಬಿಡಿ.

ಹಕ್ಕಿಗೆ ವಿಷ ಹಾಕುವುದು, ಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಿಳಿಗೂ ರಕ್ಷಣೆ ಇದೆ, ನವಿಲಂತೂ ಅತಿ ಹೆಚ್ಚು ರಕ್ಷಣೆಯ ಮೊದಲನೇ ಅನುಸೂಚಿಯಲ್ಲಿದೆ. ನವಿಲಿಗೆ ಹೆಸರಾದ ಮೊರಾಚಿ ಚಿಂಚೋಲಿ ನಿಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ.

ಕೊನೆಯ ವಾರದಲ್ಲಿ ಹೆಚ್ಚಿನವರು ಸುಮ್ಮನೆ ಕಳೆದುಕೊಳ್ಳುತ್ತಾರೆ. ಕಾಳಿನ ಬುಡದಲ್ಲಿ, ಅದು ತೆನೆಗೆ ಅಂಟಿಕೊಂಡಿರುವ ಕಡೆ, ಕಪ್ಪು ಚುಕ್ಕೆ ಕಂಡಿತೆಂದರೆ ಕಾಳು ತುಂಬುವುದು ಮುಗಿದಿದೆ. ಇನ್ನು ನಿಲ್ಲಿಸಿದರೆ ಒಣಗುವುದಷ್ಟೇ, ತೂಕ ಏರುವುದಿಲ್ಲ. ಆಗಲೇ ಕೊಯ್ದು, ತೆನೆ ಒಳಗೆ ಬರುವಂತೆ ಒಟ್ಟಿ, ಒಣಗಿಸಿ ರಾಶಿ ಮಾಡಿ. ಕಾಳಿನ ತೇವ 12 ಪ್ರತಿಶತಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಿ.

ಬಲೆ ಹೊಂದುವುದು ಸೀತನಿಗೆ, ಅಂದರೆ ಹಸಿಯಾಗಿರುವಾಗಲೇ ಸುಟ್ಟು ತಿನ್ನುವ ಎಳೆ ಜೋಳಕ್ಕೆ. ಪುಣೆಯಲ್ಲಿ ಹುರಡಾ ಎಂದು ಡಿಸೆಂಬರ್-ಜನವರಿಯ ವಾರಾಂತ್ಯಗಳಲ್ಲಿ ಮಾರುವವರು ಫುಲೆ ಮಧುರ್, ಫುಲೆ ಉತ್ತರಾ ತರಹದ ಸಿಹಿ ತಳಿಗಳನ್ನು ವಾರ ಬಿಟ್ಟು ವಾರ ಬಿತ್ತುತ್ತಾರೆ. ಹಕ್ಕಿಗೆ ಎರಡು ತಿಂಗಳ ಊಟ ಸಿದ್ಧವಾಗುತ್ತದೆ, ಅಷ್ಟು ದಿನ ಬೆದರಿಸಲು ಯಾವ ರಿಬ್ಬನ್ನಿಗೂ ಆಗದು. ಎರಡು ಗುಂಟೆ, ಅಂದರೆ ಸುಮಾರು 14 ಮೀಟರ್ ಉದ್ದ 14 ಮೀಟರ್ ಅಗಲದ ತುಂಡಿಗೆ ಮೇಲೆ ಮುಚ್ಚಿ ಸುತ್ತಲೂ ಮೂರು ಮೀಟರ್ ಇಳಿಬಿಡಲು, ಹೂಳುವ ಅಂಚೂ ಸೇರಿ, ಸುಮಾರು 400 ಚದರ ಮೀಟರ್ ಬಲೆ ಬೇಕು. ಗುಬ್ಬಿ, ಮುನಿಯಾ ತಡೆಯಲು ಕಣ್ಣಿನ ಅಳತೆ 15 ಮಿಲಿಮೀಟರ್ ಇರಲಿ. ಕೂದಲಿನಂಥ ತೆಳು ನೈಲಾನ್ ಬೇಡ, ಅದರಲ್ಲಿ ಹಕ್ಕಿ, ಕೇರೆ ಹಾವು ಸಿಕ್ಕಿ ಸಾಯುತ್ತವೆ, ಗಿಳಿ ಕಚ್ಚಿ ತೂತು ಮಾಡುತ್ತದೆ. ಬಿಸಿಲಿಗೆ ತಾಳುವ ಹೆಣೆದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಬಲೆ ತನ್ನಿ. ತಂತಿಯ ಮೇಲೆ ಬಿಗಿಯಾಗಿ ಎಳೆದು, ತೆನೆಗೂ ಬಲೆಗೂ ಒಂದು ಅಡಿ ಅಂತರ ಬಿಟ್ಟು, ಅಂಚನ್ನು ಮಣ್ಣಿನಲ್ಲಿ ಹೂಳಿ. ಬಲೆ ತೆನೆಗೆ ತಾಗಿದರೆ ಹೊರಗೆ ಕೂತೇ ತಿನ್ನುತ್ತವೆ. ದಿನಾ ಬೆಳಗ್ಗೆ ಒಂದು ಸುತ್ತು ಹಾಕಿ, ಸಿಕ್ಕಿಬಿದ್ದದ್ದನ್ನು ಬಿಡಿಸಿ.

ಬಲೆಗೆ ಸರ್ಕಾರದ ಸಹಾಯಧನ ಸಿಗುವುದು ದ್ರಾಕ್ಷಿ, ದಾಳಿಂಬೆ, ಅಂಜೂರದಂಥ ತೋಟದ ಬೆಳೆಗಳಿಗೆ, ಜೋಳಕ್ಕಲ್ಲ. ಹೊಲದಲ್ಲಿ ಹಣ್ಣಿನ ಗಿಡವೂ ಇದ್ದರೆ ಮಹಾರಾಷ್ಟ್ರ ಸರ್ಕಾರದ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಮಂಜೂರಾತಿ ಪತ್ರ ಬಂದ ಮೇಲೆಯೇ ಬಲೆ ಕೊಳ್ಳಿ.