ಆಯಿಲ್ ಕಪ್ಪಾದರೆ ಕೆಟ್ಟಿದೆ ಅಂತಾನಾ?

"ಆಯಿಲ್ ಬದಲಾಯಿಸಿ ವಾರ ಆಗಿಲ್ಲ, ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಗಲೇ ಕಪ್ಪು. ಮತ್ತೆ ಬದಲಾಯಿಸಬೇಕಾ?"

ಡೀಸೆಲ್ ಎಂಜಿನ್ ಆಗಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಡೀಸೆಲ್ ಉರಿದಾಗ ಹುಟ್ಟುವ ಮಸಿ ಸ್ವಲ್ಪ ಆಯಿಲ್‌ಗೂ ಇಳಿಯುತ್ತದೆ. ಅದು ಮುದ್ದೆ ಕಟ್ಟದೆ ಬಿಡಿಬಿಡಿಯಾಗಿ ತೇಲುತ್ತಿರಲಿ ಅಂತಲೇ ಆಯಿಲ್‌ನಲ್ಲಿ ಡಿಸ್ಪರ್ಸೆಂಟ್ ಬೆರೆಸಿರುತ್ತಾರೆ. ಮಸಿ ಆಯಿಲ್‌ನಲ್ಲಿ ಕಾಣುತ್ತಿದೆ ಅಂದರೆ ಎಂಜಿನ್ ಗೋಡೆಗೆ ಅಂಟಿಲ್ಲ ಅಂತ ಅಲ್ವಾ? ಬಣ್ಣ ಬದಲಾಗಿ ಹಾಲು ಹಾಕಿದ ಕಾಫಿ ತರಹ ಆದರೆ ಮಾತ್ರ ಗಾಬರಿಯಾಗಿ. ಅದು ನೀರು ಸೇರಿದ ಗುರುತು.

ನಿಜವಾಗಿ ಆಯಿಲ್ ಕೆಡಿಸುವುದು ಬಿಸಿ ಮತ್ತು ಗಾಳಿ. ಕಾದ ಆಯಿಲ್ ಆಮ್ಲಜನಕದ ಜೊತೆ ಸೇರಿ ಆಮ್ಲವಾಗುತ್ತದೆ, ಅಂಟಾಗುತ್ತದೆ, ದಪ್ಪವಾಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಈ ಕೆಲಸದ ವೇಗ ಸುಮಾರು ಎರಡು ಪಟ್ಟು. ಇದನ್ನು ತಡೆಯಲು ಆಯಿಲ್‌ಗೆ ಬೆರೆಸಿದ ಅಡಿಟಿವ್ ಇರುವಷ್ಟು ದಿನ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ, ಅದು ತೀರಿದ ಮೇಲೆ ಆಯಿಲ್‌ನ ಗುಣ ಸರ್ರನೆ ಇಳಿಯುತ್ತದೆ. ಆ ಹಂತ ಕಣ್ಣಿಗೆ ಕಾಣಲ್ಲ, ಅದಕ್ಕೇ ಲ್ಯಾಬ್ ಬೇಕು.

ಲ್ಯಾಬಿನಲ್ಲಿ ಮೊದಲು ನೋಡುವುದು ವಿಸ್ಕಾಸಿಟಿ, ಅಂದರೆ ಆಯಿಲ್ ಎಷ್ಟು ದಪ್ಪ ಅಂತ, ಸಾಮಾನ್ಯವಾಗಿ 40 ಅಥವಾ 100 ಡಿಗ್ರಿಯಲ್ಲಿ. ದಪ್ಪವಾಗಿದ್ದರೆ ಮಸಿಯೋ ಆಕ್ಸಿಡೇಶನ್ನೋ (ಆಮ್ಲಜನಕ ಸೇರಿ ಕೆಡುವುದು) ಜಾಸ್ತಿಯಾಗಿದೆ, ತೆಳುವಾಗಿದ್ದರೆ ಇಂಧನ ಸೇರಿರಬಹುದು. ತಮಾಷೆ ಏನೆಂದರೆ, ಎರಡೂ ಒಟ್ಟಿಗೆ ಆದರೆ ಒಂದನ್ನೊಂದು ಮುಚ್ಚಿಹಾಕಿ ನಂಬರ್ ಸರಿಯಾಗೇ ಕಾಣುತ್ತದೆ! ಹಾಗಾಗಿ ಟಿಬಿಎನ್ ಕೂಡ ನೋಡುತ್ತಾರೆ, ಅಂದರೆ ಆಮ್ಲವನ್ನು ಎದುರಿಸುವ ಶಕ್ತಿ ಇನ್ನೆಷ್ಟು ಉಳಿದಿದೆ ಅಂತ. ಟಿಎಎನ್ ಅದರ ಉಲ್ಟಾ, ಆಮ್ಲ ಎಷ್ಟು ಸೇರಿದೆ ಅನ್ನುವುದು.

ನನಗೆ ಹೆಚ್ಚು ಇಷ್ಟವಾಗುವುದು ಲೋಹದ ಪರೀಕ್ಷೆ, ಆಯಿಲ್‌ಗಿಂತ ಎಂಜಿನ್ ಬಗ್ಗೆಯೇ ಅದು ಜಾಸ್ತಿ ಹೇಳುತ್ತದೆ. ಕಬ್ಬಿಣ ಏರಿದರೆ ಸಿಲಿಂಡರ್ ಅಥವಾ ಶಾಫ್ಟ್ ಸವೆಯುತ್ತಿರಬಹುದು, ಸೀಸ, ತಾಮ್ರ ಏರಿದರೆ ಬೇರಿಂಗ್ ಮೇಲೆ ಅನುಮಾನ, ಸಿಲಿಕಾನ್ ಬಂದರೆ ಏರ್ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿರಬಹುದು. ಆದರೆ ದೊಡ್ಡ ಚೂರುಗಳು ಈ ಪರೀಕ್ಷೆಗೆ ಸಿಗಲ್ಲ, ಸುಮಾರು 5 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ ಕಣ ಇದ್ದರೆ ಬೇರೆ ವಿಧಾನವೇ ಬೇಕು.

ಇನ್ನು ಸ್ಯಾಂಪಲ್. ಎಂಜಿನ್ ಓಡಿಸಿ ಬಿಸಿಯಿರುವಾಗಲೇ ತೆಗೆಯಿರಿ, ಡ್ರೇನ್ ಬಿಚ್ಚಿದಾಗ ಮೊದಲು ಸುರಿಯುವುದೂ ಬೇಡ ಕೊನೆಯದೂ ಬೇಡ, ನಡುವಿನದನ್ನು ಒಣಗಿದ ಶುಚಿಯಾದ ಬಾಟಲಿಗೆ ಹಿಡಿಯಿರಿ. ಆಯಿಲ್ ಎಷ್ಟು ಗಂಟೆ ಅಥವಾ ಎಷ್ಟು ಕಿಲೋಮೀಟರ್ ಓಡಿದೆ ಅಂತ ಬರೆದು ಅಂಟಿಸಿ. 30 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 30 ಭಾಗ) ಕಬ್ಬಿಣ ಅಂತ ರಿಪೋರ್ಟ್ ಬಂದರೆ, ಅಷ್ಟು ಸೇರಲು ಎಷ್ಟು ದಿನ ಹಿಡಿಯಿತು ಅಂತ ಗೊತ್ತಿಲ್ಲದೆ ಯಾರೂ ಏನೂ ಹೇಳಲಾರರು.