ಎಡೆದೊರೆ ನಾಡಿಗಾಗಿ ಇನ್ನೂರು ವರ್ಷದ ಜಗಳ

‘ರಾಯಚೂರು ದೋಆಬ್’ ಎಂದು ಓದುವಾಗ ಅದು ಯಾವುದೋ ದೂರದ ಸೀಮೆಯಂತೆ ಕೇಳುತ್ತದೆ. ಫಾರಸಿಯಲ್ಲಿ ‘ದೋ’ ಎಂದರೆ ಎರಡು, ‘ಆಬ್’ ಎಂದರೆ ನೀರು. ಆದರೆ ಈ ನೆಲಕ್ಕೆ ಅದಕ್ಕಿಂತ ಹಳೆಯ ಕನ್ನಡ ಹೆಸರೇ ಇದೆ: ಎಡೆದೊರೆ. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ತಕಾರ ದಕಾರವಾಗುವ ಆದೇಶ ಸಂಧಿ ನೆನಪಿದೆ ಅಲ್ವಾ? ಹನ್ನೊಂದನೇ ಶತಮಾನದಲ್ಲಿ ರಾಜೇಂದ್ರ ಚೋಳ ತಾನು ಗೆದ್ದ ನಾಡುಗಳನ್ನು ಹೇಳಿಕೊಳ್ಳುವಾಗಲೂ ‘ಇಡೈತುರೈ ನಾಡು’ ಎಂದೇ ಶುರುಮಾಡುತ್ತಾನೆ. ಅಂದರೆ ವಿಜಯನಗರ, ಬಹಮನಿಗಳು ಹುಟ್ಟುವ ಮುಂಚೆಯೂ ಇದು ಹೊರಗಿನವರ ಕಣ್ಣು ಬಿದ್ದ ನೆಲ.

ಮೊದಲು ಒಂದು ಕಾಗದ ತೆಗೆದುಕೊಂಡು ನಕ್ಷೆ ಬರೆಯಿರಿ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ. ಎರಡೂ ಪೂರ್ವಕ್ಕೆ ಹರಿದು ಕರ್ನೂಲಿನ ಆಚೆ ಸೇರುತ್ತವೆ. ನಡುವೆ ಇಂದಿನ ರಾಯಚೂರು, ಕೊಪ್ಪಳ ಜಿಲ್ಲೆಗಳ ಬಹುಭಾಗ. ಈಗ ಹಂಪಿಯನ್ನು ಗುರುತಿಸಿ. ಅದು ತುಂಗಭದ್ರೆಯ ದಕ್ಷಿಣ ದಡದಲ್ಲೇ ಇದೆ. ನಡುವಿನ ನೆಲ ಶತ್ರುವಿನ ಕೈಯಲ್ಲಿದ್ದರೆ ರಾಜಧಾನಿಗೂ ಅವನಿಗೂ ನಡುವೆ ಉಳಿಯುವುದು ಒಂದೇ ಹೊಳೆ. ಹಾಗಾಗಿ ವಿಜಯನಗರಕ್ಕೆ ಗಡಿ ಕೃಷ್ಣೆಯಲ್ಲಿರಬೇಕಿತ್ತು. ಬಹಮನಿಗಳು ಕಲಬುರಗಿಯಲ್ಲಿ ಕೂತವರು. ಅವರಿಗೆ ಗಡಿ ತುಂಗಭದ್ರೆಯಲ್ಲಿರಬೇಕಿತ್ತು. ಇಬ್ಬರಿಗೂ ಬೇಕಾಗಿದ್ದು ತಮ್ಮಿಂದ ದೂರದ ಹೊಳೆ. ಇಷ್ಟು ಅರ್ಥವಾದರೆ ಮುಂದಿನ ಇಸವಿಗಳನ್ನು ಸುಮ್ನೆ ಬಾಯಿಪಾಠ ಮಾಡುವ ಕಷ್ಟ ಇರುವುದಿಲ್ಲ.

ನೆಲದ ಬೆಲೆಯೂ ಕಡಿಮೆಯಲ್ಲ. ಜೋಳ, ಹತ್ತಿ ಬೆಳೆಯುವ ಎರೆಭೂಮಿ ಇಲ್ಲಿದೆ. ಹಟ್ಟಿಯಲ್ಲಿ ಚಿನ್ನವಿದೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯೂ ಇದೇ ಸೀಮೆಯ ಊರು. ಅದನ್ನು ಕಂಡವನು ಚಿನ್ನದ ಗಣಿಯ ಎಂಜಿನಿಯರ್ ಎಂಬುದನ್ನು ಹಟ್ಟಿಯ ಜೊತೆ ಸೇರಿಸಿ ನೆನಪಿಟ್ಟುಕೊಳ್ಳಿ. ಇನ್ನು ಇಡೀ ಸೀಮೆಗೆ ಬೀಗದಂತಿದ್ದವು ರಾಯಚೂರು ಮತ್ತು ಮುದಗಲ್ ಕೋಟೆಗಳು. ರಾಯಚೂರಿನ ಕೋಟೆ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ ಕಾಕತೀಯರ ಕಾಲದ, 1294ರ ಶಾಸನ ಇದೆ.

ವಿಜಯನಗರ 1336ರಲ್ಲಿ, ಬಹಮನಿ ರಾಜ್ಯ 1347ರಲ್ಲಿ ಶುರುವಾದವು. ಜಗಳ ತಡವಾಗಲಿಲ್ಲ. 1366ರ ಹೊತ್ತಿಗೆ ಒಂದನೇ ಬುಕ್ಕ ಮುದಗಲ್ ಹಿಡಿದ. ಇದಕ್ಕೆ ಇತಿಹಾಸಕಾರ ಫರಿಷ್ತಾ ಒಂದು ಕಥೆ ಹೇಳುತ್ತಾನೆ. ಸಂಗೀತಗಾರರಿಗೆ ಕೊಡಬೇಕಾದ ಹಣವನ್ನು ವಿಜಯನಗರದ ಖಜಾನೆಯಿಂದ ವಸೂಲು ಮಾಡಿಕೊಳ್ಳಿ ಎಂದು ಬಹಮನಿ ಸುಲ್ತಾನ ಚೀಟಿ ಬರೆದನಂತೆ, ಬುಕ್ಕ ಸಿಟ್ಟಾಗಿ ದಂಡೆತ್ತಿ ಬಂದನಂತೆ. 1406ರ ಯುದ್ಧಕ್ಕೂ ಇಂಥದ್ದೇ ಕಥೆಯಿದೆ. ಮುದಗಲ್ಲಿನ ಅಕ್ಕಸಾಲಿಗರ ಹುಡುಗಿಗಾಗಿ ಒಂದನೇ ದೇವರಾಯ ದಂಡು ಕಳಿಸಿದ ಎನ್ನುತ್ತಾರೆ. ಕಥೆಗಳನ್ನು ಓದಿ, ಆದರೆ ಕಾರಣ ಎಂದು ಬರೆಯಬೇಡಿ. ಫರಿಷ್ತಾ ಬರೆದದ್ದು ಬಿಜಾಪುರದ ಆಸ್ಥಾನದಲ್ಲಿ, ಇವೆಲ್ಲ ನಡೆದು ಸುಮಾರು ಇನ್ನೂರು ವರ್ಷವಾದ ಮೇಲೆ. ಹುಡುಗಿ ಇದ್ದರೂ ಇಲ್ಲದಿದ್ದರೂ ಮುದಗಲ್ಲಿಗಾಗಿ ಯುದ್ಧ ಆಗುತ್ತಲೇ ಇತ್ತು. 1443ರಲ್ಲಿ ಎರಡನೇ ದೇವರಾಯನೂ ಈ ಸೀಮೆಗಾಗಿ ತುಂಗಭದ್ರೆ ದಾಟಿದ.

ಬಹಮನಿ ರಾಜ್ಯ ಒಡೆದ ಮೇಲೆ ಈ ಪಾಲು ಬಿಜಾಪುರದ ಆದಿಲ್ ಶಾಹಿಗಳಿಗೆ ಬಂತು. ಆಗ ನಡೆದದ್ದೇ 1520ರ ರಾಯಚೂರು ಯುದ್ಧ. ಇದನ್ನು ನಿಧಾನವಾಗಿ ಓದಿ, ಬಹಳ ಸಂಗತಿ ಇದೆ. ನಮಗೆ ವಿವರ ಕೊಡುವವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಗೋವೆಯಲ್ಲಿ ಕುದುರೆ ಕೊಳ್ಳಲು ಕೃಷ್ಣದೇವರಾಯ 40,000 ಪರ್ದಾವ್ (ಚಿನ್ನದ ನಾಣ್ಯ) ಕೊಟ್ಟು ಕಳಿಸಿದ ಬೇರೊಬ್ಬನು ಹಣದ ಸಮೇತ ಆದಿಲ್ ಶಾಹಿ ನೆಲಕ್ಕೆ ಓಡಿಹೋದ. ಅವನನ್ನು ಒಪ್ಪಿಸದೇ ಇದ್ದದ್ದೇ ನೆಪವಾಯಿತು.

ರಾಯ ಕೋಟೆಗೆ ಮುತ್ತಿಗೆ ಹಾಕಿದ. ಗೋಡೆಯಿಂದ ಕಿತ್ತ ಕಲ್ಲುಗಳನ್ನು ನಾಯಕರು ಸೈನಿಕರಿಂದ ಹಣ ಕೊಟ್ಟು ಕೊಂಡರು. ಕಲ್ಲಿನ ಗಾತ್ರ ನೋಡಿ 10ರಿಂದ 50 ಪಣ! ಅಷ್ಟರಲ್ಲಿ ಇಸ್ಮಾಯಿಲ್ ಆದಿಲ್ ಶಾ ಕೃಷ್ಣೆ ದಾಟಿ ಬಂದ. ಅವನ ಫಿರಂಗಿಗಳ ಹೊಡೆತಕ್ಕೆ ವಿಜಯನಗರದ ಮುಂಚೂಣಿ ಚದುರಿತು. ರಾಯ ತಾನೇ ಮುಂದೆ ನುಗ್ಗಿದ ಮೇಲೆ ಆದಿಲ್ ಶಾಹಿ ದಂಡು ಹಿಮ್ಮೆಟ್ಟಿ ಹೊಳೆಗೆ ಬಿತ್ತು. ಬೆನ್ನ ಹಿಂದೆ ಕೃಷ್ಣೆ ಇದ್ದದ್ದೇ ಅವರಿಗೆ ಮುಳುವಾಯಿತು. ಆಮೇಲೆ ಕ್ರಿಸ್ಟೋವಾ ಡಿ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆ ಬಂದ 20 ಜನ ಕೋವಿಯವರು ಗೋಡೆಯ ಮೇಲಿನ ಕಾವಲಿನವರನ್ನು ಹೊಡೆದುರುಳಿಸಿದರು. ಕೋಟೆ ಶರಣಾಯಿತು. ನೂನಿಜ್ ಕೊಡುವ ಏಳು ಲಕ್ಷ ಕಾಲಾಳಿನ ಲೆಕ್ಕ ಮಾತ್ರ ಜಾಸ್ತಿಯೇ ಆಯಿತು. ಅದನ್ನು ಪರೀಕ್ಷೆಯ ಉತ್ತರದಲ್ಲಿ ಸತ್ಯವೆಂದು ಬರೆಯಬೇಡಿ.

ಕೃಷ್ಣದೇವರಾಯ 1529ರಲ್ಲಿ ತೀರಿಕೊಂಡ. ಸ್ವಲ್ಪ ಸಮಯದಲ್ಲೇ ಇಸ್ಮಾಯಿಲ್ ಎರಡೂ ಕೋಟೆ ವಾಪಸ್ ಪಡೆದ. ಅಳಿಯ ರಾಮರಾಯನ ಕಾಲದಲ್ಲಿ ಅವು ಮತ್ತೆ ವಿಜಯನಗರಕ್ಕೆ ಬಂದವು. 1565ರ ಜನವರಿಯ ರಕ್ಕಸಗಿ-ತಂಗಡಗಿ ಯುದ್ಧದ ನಂತರ ಬಿಜಾಪುರಕ್ಕೆ ಹೋದವು.

ಇದನ್ನೆಲ್ಲ ಹಿಂದೂ-ಮುಸ್ಲಿಂ ಯುದ್ಧ ಎಂದು ಒಂದೇ ಸಾಲಿನಲ್ಲಿ ಬರೆಯುವ ಗೈಡುಗಳು ನನಗೆ ಬೇಸರ ತರಿಸುತ್ತವೆ. ಎರಡನೇ ದೇವರಾಯನ ದಂಡಿನಲ್ಲಿ ಮುಸ್ಲಿಂ ಬಿಲ್ಲುಗಾರರಿದ್ದರು. ರಾಮರಾಯ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನ ಮೇಲೆ ಹೋದದ್ದೂ ಉಂಟು. ರಾಯಚೂರು, ಮುದಗಲ್ ಯಾರದು ಎಂಬ ಪ್ರಶ್ನೆ ಯಾರ ಧರ್ಮ ಯಾವುದು ಎಂದು ಕೇಳಿ ಹುಟ್ಟಿದ್ದಲ್ಲ.

ಮುಂದಿನದು ಬೇಗ ಮುಗಿಯುತ್ತದೆ. 1686ರಲ್ಲಿ ಬಿಜಾಪುರ ಔರಂಗಜೇಬನಿಗೆ ಸೋತಿತು, ಆಮೇಲೆ ಇದು ಹೈದರಾಬಾದಿನ ನಿಜಾಮರ ನೆಲ. 1853ರಲ್ಲಿ ಸೈನ್ಯದ ಸಾಲಕ್ಕಾಗಿ ನಿಜಾಮ ಇದನ್ನು ಬೀರಾರಿನ ಜೊತೆ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ, 1860ರಲ್ಲಿ ದೋಆಬ್ ವಾಪಸ್ ಸಿಕ್ಕಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಕನ್ನಡದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ಆಂಧ್ರಪ್ರದೇಶಕ್ಕೆ ಹೋದವು, ಈಗ ತೆಲಂಗಾಣದಲ್ಲಿವೆ. ಆ ಮೂಲೆಯನ್ನು ತೆಲುಗರು ಇಂದಿಗೂ ‘ನಡಿಗಡ್ಡ’ ಎನ್ನುತ್ತಾರೆ. ನಡಿ ಎಂದರೆ ನಡು, ಗಡ್ಡ ಎಂದರೆ ನೆಲ.